ರಿಮೋಟ್ ಡೆಸ್ಕ್‌ಟಾಪ್ ಮುಚ್ಚಿದ ಮೇಲೂ ಓಡುತ್ತಲೇ ಇರುವ ಲಿನಕ್ಸ್ ಪ್ರೊಸೆಸ್‌ಗಳು: ಹುಡುಕೋದು, ತೆಗೆಯೋದು, ಮತ್ತೆ ಉಳಿಯದಂತೆ ಮಾಡೋದು

ಸಂಜೆ ಎಲ್ಲರೂ ಹೋಗಿಯಾಯಿತು. ಸರ್ವರ್‌ನಲ್ಲಿ ಟಾಪ್ (ಓಡುತ್ತಿರುವ ಪ್ರೊಸೆಸ್‌ಗಳನ್ನು ತೋರಿಸುವ ಕಮಾಂಡ್) ಹಾಕಿ ನೋಡಿದರೆ ಅರ್ಧ ಮೆಮೊರಿ ಇನ್ನೂ ತುಂಬಿಯೇ ಇದೆ. ಒಬ್ಬರ ಫೈರ್‌ಫಾಕ್ಸ್, ಇನ್ನೊಬ್ಬರ ಲಿಬ್ರೆಆಫೀಸ್, ಯಾರದ್ದೋ ನಾಲ್ಕು ಡಿಬಸ್-ಡೀಮನ್ (ಪ್ರೋಗ್ರಾಮ್‌ಗಳ ನಡುವೆ ಸಂದೇಶ ಒಯ್ಯುವ ಹಿನ್ನೆಲೆ ಪ್ರೋಗ್ರಾಮ್), ಪಕ್ಕದಲ್ಲಿ ಫೈಲ್ ಮ್ಯಾನೇಜರ್‌ಗೆ ನೆಟ್‌ವರ್ಕ್ ಫೋಲ್ಡರ್ ತೆರೆದುಕೊಡುವ ಜಿವಿಎಫ್‌ಎಸ್‌ಡಿಗಳ ಒಂದು ಸಾಲು. ಮಾರನೇ ದಿನ ಅದೇ ಯೂಸರ್ ಒಳಗೆ ಬಂದರೆ ಕಪ್ಪು ಪರದೆ. ಇಲ್ಲವೇ ಡೆಸ್ಕ್‌ಟಾಪ್ ಸರಿಯಾಗಿ ಬರುತ್ತದೆ, ಫೈರ್‌ಫಾಕ್ಸ್ ಮಾತ್ರ ‘ಆಗಲೇ ಓಡುತ್ತಿದೆ’ ಅಂತ ಹೇಳಿ ತೆರೆಯೋದೇ ಇಲ್ಲ.

ಇದಕ್ಕೆ ಸುಮಾರು ಜನ ಮಾಡುವ ಮದ್ದು ಎರಡು: ರಾತ್ರಿ ಒಂದು ರೀಬೂಟ್, ಅಥವಾ ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಒಂದು ಕಿಲ್‌ಆಲ್ (ಹೆಸರು ಹಿಡಿದು ಪ್ರೊಸೆಸ್ ಕೊಲ್ಲುವ ಕಮಾಂಡ್). ಎರಡೂ ಚೆನ್ನಾಗಿಯೇ ನಡೆಯುತ್ತವೆ, ಯಾರದ್ದಾದರೂ ಓಡುತ್ತಿದ್ದ ಕೆಲಸ ಹಾಳಾಗುವವರೆಗೆ. ನನ್ನ ಸಲಹೆ ಬೇರೆ. ಪ್ರೊಸೆಸ್‌ನ ಹೆಸರು ಹಿಡಿದು ಬೆನ್ನಟ್ಟಬೇಡಿ, ಅದು ಯಾವ ಸೆಷನ್‌ಗೆ, ಅಂದರೆ ಯಾವ ಲಾಗಿನ್‌ಗೆ, ಸೇರಿದ್ದು ಅಂತ ಮೊದಲು ನೋಡಿ. ಸೆಷನ್ ಸಿಕ್ಕರೆ ಉಳಿದದ್ದನ್ನು ಸಿಸ್ಟಮ್‌ಡಿಯೇ (ಲಿನಕ್ಸ್‌ನಲ್ಲಿ ಸರ್ವಿಸ್, ಸೆಷನ್‌ಗಳನ್ನು ನಡೆಸುವ ಮೂಲ ಪ್ರೋಗ್ರಾಮ್) ನೋಡಿಕೊಳ್ಳುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಕಮಾಂಡ್, ಫೈಲ್, ಸೆಟ್ಟಿಂಗ್ ಹೆಸರುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು, ಅದು ನಿಮಗೆ ಗೊತ್ತೇ ಇರುತ್ತದೆ. ಹೆಸರಿನ ಸ್ಪೆಲ್ಲಿಂಗ್ ಬಗ್ಗೆ ಅನುಮಾನ ಬಂದರೆ ಮ್ಯಾನ್ ಪೇಜ್ ತೆರೆದು ನೋಡಿಬಿಡಿ.

ಮೊದಲ ಪ್ರಶ್ನೆ: ಹೋಗಿದ್ದಾರಾ, ಸುಮ್ನೆ ಕಿಟಕಿ ಮುಚ್ಚಿದ್ದಾರಾ?

ಉಳಿದುಕೊಂಡ ಪ್ರೊಸೆಸ್ ಅಂತ ನಾವು ಬೈಯುವುದರಲ್ಲಿ ಎಷ್ಟೋ ನಿಜವಾಗಿ ಉಳಿದುಕೊಂಡದ್ದೇ ಅಲ್ಲ. ಯೂಸರ್ ಮೂಲೆಯಲ್ಲಿದ್ದ ‘×’ ಗುರುತು ಒತ್ತಿ ಕಿಟಕಿ ಮುಚ್ಚಿರುತ್ತಾರೆ, ಅಷ್ಟೇ. ರಿಮೋಟ್ ಡೆಸ್ಕ್‌ಟಾಪ್ ಕೊಡುವ ಎಕ್ಸ್‌ಆರ್‌ಡಿಪಿಯಲ್ಲಾಗಲಿ ವಿಎನ್‌ಸಿಯಲ್ಲಾಗಲಿ ಅದು ಲಾಗೌಟ್ ಅಲ್ಲ, ಡಿಸ್ಕನೆಕ್ಟ್. ಡೆಸ್ಕ್‌ಟಾಪ್ ಹಾಗೇ ಬದುಕಿರುತ್ತದೆ, ನಾಳೆ ಬಂದರೆ ಬಿಟ್ಟಲ್ಲಿಂದಲೇ ಸಿಗಲಿ ಅಂತ. ಇದು ತಪ್ಪಲ್ಲ, ಜನ ರಿಮೋಟ್ ಡೆಸ್ಕ್‌ಟಾಪ್ ಇಷ್ಟಪಡುವುದಕ್ಕೆ ದೊಡ್ಡ ಕಾರಣವೇ ಇದು.

ಹಾಗಾಗಿ ಎರಡು ಸಂಗತಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ಕನೆಕ್ಷನ್ ಕಡಿದಿದೆ, ಸೆಷನ್ ಬದುಕಿದೆ: ಇದಕ್ಕೆ ಬೇಕಾದದ್ದು ಒಂದು ನಿಯಮ, ಎಷ್ಟು ಹೊತ್ತು ಕಾಯಬೇಕು ಅನ್ನುವುದು. ಸೆಷನ್ ಮುಗಿದಿದೆ, ಪ್ರೊಸೆಸ್ ಮಾತ್ರ ಉಳಿದಿದೆ: ಇದಕ್ಕೆ ಬೇಕಾದದ್ದು ಸ್ವಚ್ಛತೆ. ಎರಡನ್ನೂ ಒಂದೇ ಸ್ಕ್ರಿಪ್ಟ್‌ನಲ್ಲಿ ಮಾಡಲು ಹೋದರೆ ಯಾರದ್ದಾದರೂ ಸೇವ್ ಮಾಡದ ಫೈಲ್ ಹೋಗುವುದು ಗ್ಯಾರಂಟಿ.

ಕೈ ಹಾಕುವ ಮುಂಚೆ ನೋಡಿ

ಮೊದಲ ಕಮಾಂಡ್ ಇದು:

ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್

ಸೆಷನ್ ನಂಬರ್, ಯುಐಡಿ (ಯೂಸರ್‌ನ ನಂಬರ್), ಯೂಸರ್ ಹೆಸರು ಬರುತ್ತದೆ. ಕೆಲವು ನಂಬರ್ ಬರೀ ಅಂಕಿ, ಕೆಲವು ‘ಸಿ3’ ಥರ ಇರುತ್ತವೆ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅನುಮಾನ ಬಂದ ಸೆಷನ್‌ನ ಒಳಗೆ ನೋಡೋಣ:

ಲಾಗಿನ್‌ಸಿಟಿಎಲ್ ಸೆಷನ್-ಸ್ಟೇಟಸ್ ಸಿ3

ಇಲ್ಲಿ ಸ್ಟೇಟ್ ಅನ್ನುವ ಸಾಲು ಓದಿ. ಆಕ್ಟಿವ್ ಅಥವಾ ಆನ್‌ಲೈನ್ ಅಂತಿದ್ದರೆ ಸೆಷನ್ ಬದುಕಿದೆ, ಮುಟ್ಟಬೇಡಿ. ಕ್ಲೋಸಿಂಗ್ ಅಂತಿದ್ದರೆ ಅದೇ ನಮ್ಮ ಗಿರಾಕಿ: ಸೆಷನ್ ಹೆಸರಿಗೆ ಮುಗಿದಿದೆ, ಆದರೆ ಅದರ ಪ್ರೊಸೆಸ್ ಒಂದಾದರೂ ಇನ್ನೂ ಓಡುತ್ತಿದೆ. ಕೆಳಗೆ ಮರದ ಥರ ಆ ಪ್ರೊಸೆಸ್‌ಗಳ ಪಟ್ಟಿಯೂ ಇರುತ್ತದೆ. ಡೆಸ್ಕ್‌ಟಾಪ್ ಹೋಗಿದೆ, ವಿಂಡೋ ಮ್ಯಾನೇಜರ್ ಹೋಗಿದೆ, ಪರದೆ ಚಿತ್ರಿಸುವ ಎಕ್ಸ್ ಸರ್ವರ್ ಕೂಡ ಇಲ್ಲ. ಉಳಿದದ್ದು ಒಂದು ಎಸ್‌ಎಸ್‌ಎಚ್-ಏಜೆಂಟ್, ಒಂದು ಡಿಬಸ್-ಡೀಮನ್, ಅದಕ್ಕೆ ಅಂಟಿಕೊಂಡ ಎಟಿ-ಎಸ್‌ಪಿಐ ಲಾಂಚರ್, ಆಮೇಲೆ ಯಾರೋ ಟರ್ಮಿನಲ್‌ನಿಂದ ಹಿನ್ನೆಲೆಗೆ ತಳ್ಳಿ ಮರೆತ ಒಂದು ಪೈಥಾನ್ ಸ್ಕ್ರಿಪ್ಟ್. ಹೆಚ್ಚಾಗಿ ಕಾಣುವ ದೃಶ್ಯ ಇದೇ.

ಇವೇ ಯಾಕೆ ಉಳಿಯುತ್ತವೆ? ಎಕ್ಸ್ ಸರ್ವರ್ ಸತ್ತಾಗ ಅದಕ್ಕೆ ಕನೆಕ್ಟ್ ಆಗಿದ್ದ ಕಿಟಕಿಯಿರುವ ಪ್ರೋಗ್ರಾಮ್‌ಗಳೆಲ್ಲ ಸಾಮಾನ್ಯವಾಗಿ ತಾವೇ ಬೀಳುತ್ತವೆ. ಕಿಟಕಿ ಇಲ್ಲದವಕ್ಕೆ ಎಕ್ಸ್ ಸತ್ತ ಸುದ್ದಿಯೇ ತಲುಪುವುದಿಲ್ಲ. ಅಪ್ಪ ಸತ್ತ ಪ್ರೊಸೆಸ್ ಅನಾಥವಾಗಿ ಪಿಐಡಿ (ಪ್ರೊಸೆಸ್ ನಂಬರ್) 1 ಇರುವ ಮುಖ್ಯ ಸಿಸ್ಟಮ್‌ಡಿಯ ಮಡಿಲಿಗೆ, ಅಥವಾ ಆ ಯೂಸರ್‌ನ ಸ್ವಂತ ಸಿಸ್ಟಮ್‌ಡಿಯ ಮಡಿಲಿಗೆ ಬೀಳುತ್ತದೆ, ಅಲ್ಲಿ ಆರಾಮಾಗಿ ಕೂತಿರುತ್ತದೆ. ‘ಪಿಪಿಐಡಿ (ಅಪ್ಪನ ಪಿಐಡಿ) 1 ಇದ್ದದ್ದನ್ನೆಲ್ಲ ಕೊಲ್ಲು’ ಅನ್ನುವ ಸ್ಕ್ರಿಪ್ಟ್‌ಗಳನ್ನು ನಂಬಬೇಡಿ ಅನ್ನುವುದು ಇದಕ್ಕೇ. ಅವು ಅರ್ಧದಷ್ಟನ್ನು ಬಿಡುತ್ತವೆ, ಬೇಕಾದ ಡೀಮನ್‌ಗಳನ್ನು ಹಿಡಿಯುತ್ತವೆ.

ಒಂದು ನಿರ್ದಿಷ್ಟ ಪ್ರೊಸೆಸ್ ಎಲ್ಲಿ ಸೇರಿದ್ದು ಅಂತ ತಿಳಿಯಲು ಇನ್ನೂ ನೇರ ದಾರಿ ಇದೆ (4821 ಇರುವಲ್ಲಿ ಆ ಪ್ರೊಸೆಸ್‌ನ ಪಿಐಡಿ; ಸಿಗ್ರೂಪ್ ಅಂದರೆ ಕರ್ನಲ್ ಪ್ರೊಸೆಸ್‌ಗಳನ್ನು ಸೇರಿಸಿಡುವ ಗುಂಪು):

ಕ್ಯಾಟ್ /ಪ್ರಾಕ್/4821/ಸಿಗ್ರೂಪ್

ಉತ್ತರದಲ್ಲಿ ಮೂರು ಥರದ ಹೆಸರು ಬರಬಹುದು. ‘ಸೆಷನ್-ಸಿ3.ಸ್ಕೋಪ್’ ಅಂತಿದ್ದರೆ ಅದು ಆ ಸೆಷನ್‌ನದು. ‘ಯೂಸರ್@1000.ಸರ್ವಿಸ್’ ಅಂತಿದ್ದರೆ ಅದು ಒಂದು ಸೆಷನ್‌ನದಲ್ಲ, ಆ ಯೂಸರ್‌ನ ಎಲ್ಲಾ ಸೆಷನ್‌ಗಳಿಗೂ ಸೇರಿ ಇರುವ ಮ್ಯಾನೇಜರ್‌ನದು. ‘ಎಕ್ಸ್‌ಆರ್‌ಡಿಪಿ-ಸೆಸ್‌ಮ್ಯಾನ್.ಸರ್ವಿಸ್’ (ಎಕ್ಸ್‌ಆರ್‌ಡಿಪಿಯ ಸೆಷನ್ ಮ್ಯಾನೇಜರ್) ಅಂತ ಬಂದರೆ ನಿಮ್ಮ ಪ್ಯಾಮ್ (ಲಾಗಿನ್ ನೋಡಿಕೊಳ್ಳುವ ವ್ಯವಸ್ಥೆ) ಸೆಟ್ಟಿಂಗ್ ತಪ್ಪಿದೆ, ಆ ಕಥೆಗೆ ಆಮೇಲೆ ಬರುತ್ತೇನೆ.

ಎರಡನೆಯದು ಜಾಸ್ತಿ ಜನರನ್ನು ದಾರಿ ತಪ್ಪಿಸುತ್ತದೆ. ಗ್ನೋಮ್‌ನಂಥ ಈಗಿನ ಡೆಸ್ಕ್‌ಟಾಪ್‌ಗಳು ತಮ್ಮ ಬಹಳಷ್ಟು ಸರ್ವಿಸ್‌ಗಳನ್ನು ಯೂಸರ್ ಮ್ಯಾನೇಜರ್ ಕೆಳಗೇ ಓಡಿಸುತ್ತವೆ. ಸೆಷನ್ ಕೊಂದರೂ ಅವು ಹೋಗುವುದಿಲ್ಲ. ಆ ಯೂಸರ್‌ನ ಕೊನೆಯ ಸೆಷನ್ ಮುಗಿದು 10 ಸೆಕೆಂಡ್ ಆದ ಮೇಲೆ ಮ್ಯಾನೇಜರ್ ನಿಲ್ಲುತ್ತದೆ, ಅದರ ಜೊತೆ ಅವೂ ಹೋಗುತ್ತವೆ. ಒಂದೇ ಒಂದು ಕ್ಲೋಸಿಂಗ್ ಸೆಷನ್ ನೇತಾಡುತ್ತಿದ್ದರೂ ಯೂಸರ್ ಪೂರ್ತಿ ಹೊರಗೆ ಹೋದ ಲೆಕ್ಕವಿಲ್ಲ. ಒಂದು ಮರೆತ ಪೈಥಾನ್ ಸ್ಕ್ರಿಪ್ಟ್ ಹಿಂದೆ ಮೂವತ್ತು ಪ್ರೊಸೆಸ್ ಸಾಲುಗಟ್ಟಿ ನಿಂತಿರುವುದು ಹೀಗೆ.

ಕೈಯಿಂದ ತೆಗೆಯುವುದು

ಕ್ಲೋಸಿಂಗ್‌ನಲ್ಲಿರುವ ಸೆಷನ್‌ಗೆ:

ಲಾಗಿನ್‌ಸಿಟಿಎಲ್ ಟರ್ಮಿನೇಟ್-ಸೆಷನ್ ಸಿ3

ಇಷ್ಟೇ. ಆ ಸೆಷನ್‌ನ ಎಲ್ಲಾ ಪ್ರೊಸೆಸ್‌ಗೂ ಮೊದಲು ಟರ್ಮ್ ಸಿಗ್ನಲ್ ಹೋಗುತ್ತದೆ, ಕೇಳದೇ ಇದ್ದರೆ ಟೈಮ್‌ಔಟ್ ಮುಗಿದ ಮೇಲೆ ಕಿಲ್. ಆ ಟೈಮ್‌ಔಟ್ ಸಾಮಾನ್ಯವಾಗಿ 90 ಸೆಕೆಂಡ್, ಹಾಗಾಗಿ ತಕ್ಷಣ ಏನೂ ಆಗಲಿಲ್ಲ ಅಂತ ಗಾಬರಿಯಾಗಬೇಡಿ. ಯೂಸರ್‌ನ ಎಲ್ಲವೂ ಹೋಗಬೇಕು ಅಂತಿದ್ದರೆ ಟರ್ಮಿನೇಟ್-ಯೂಸರ್ ಇದೆ. ಅದನ್ನು ಒತ್ತುವ ಮುಂಚೆ ಆ ಹೆಸರಿನಲ್ಲಿ ಬೇರೆ ಸೆಷನ್ ಇಲ್ಲ ಅಂತ ಎರಡು ಸಲ ನೋಡಿ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನೇ ಒಮ್ಮೆ ಪಿಕಿಲ್ -ಯು (ಒಬ್ಬ ಯೂಸರ್‌ನ ಎಲ್ಲಾ ಪ್ರೊಸೆಸ್ ಕೊಲ್ಲುವ ಕಮಾಂಡ್) ಕೊಟ್ಟು ಅನುಭವಿಸಿದ್ದೇನೆ. ಜೊತೆಗೆ ಕೆಲಸ ಮಾಡುವ ಒಬ್ಬರು ‘ನಾನು ಲಾಗೌಟ್ ಆಗಿದ್ದೇನೆ, ಡೆಸ್ಕ್‌ಟಾಪ್ ಬರ್ತಿಲ್ಲ, ಕ್ಲೀನ್ ಮಾಡಿ’ ಅಂದರು. ಮಾಡಿದೆ. ಡೆಸ್ಕ್‌ಟಾಪ್ ಬಂತು. ಹತ್ತು ನಿಮಿಷಕ್ಕೆ ಫೋನ್ ಬಂತು. ರಿಮೋಟ್ ಡೆಸ್ಕ್‌ಟಾಪ್‌ನಿಂದ ಅವರು ಹೊರಗೆ ಹೋಗಿದ್ದು ನಿಜವೇ, ಆದರೆ ಅದೇ ಹೆಸರಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಟರ್ಮಿನಲ್‌ಗೆ ಬರುವ ದಾರಿ) ಮೂಲಕ ಟಿಮಕ್ಸ್ (ಕನೆಕ್ಷನ್ ಹೋದರೂ ಟರ್ಮಿನಲ್ ಉಳಿಸುವ ಪ್ರೋಗ್ರಾಮ್) ಒಳಗೆ ಎರಡು ದಿನದಿಂದ ಒಂದು ಲೆಕ್ಕ ಓಡುತ್ತಿತ್ತಂತೆ. ಅವರು ಅದನ್ನು ಹೇಳಲಿಲ್ಲ, ನಾನು ಕೇಳಲಿಲ್ಲ. ಸೆಷನ್-ಸ್ಟೇಟಸ್ ಒಂದು ಸಲ ನೋಡಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಕಿಲ್ -9 ಕೊಟ್ಟರೂ ಹೋಗದವು ಇರುತ್ತವೆ. ಪಿಎಸ್‌ನ ಸ್ಟ್ಯಾಟ್ ಕಾಲಂನಲ್ಲಿ ಝಡ್ ಇದ್ದರೆ ಅದು ಝಾಂಬಿ. ಅದು ಆಗಲೇ ಸತ್ತಿದೆ, ಅದರ ಅಪ್ಪನನ್ನು ನೋಡಿಕೊಳ್ಳಬೇಕು. ಡಿ ಅಂತಿದ್ದರೆ ಕರ್ನಲ್ ಒಳಗೆ ಏನಕ್ಕೋ ಕಾಯುತ್ತಿದೆ, ಹೆಚ್ಚಾಗಿ ಉತ್ತರ ಕೊಡದ ಎನ್‌ಎಫ್‌ಎಸ್ ಅಥವಾ ಫ್ಯೂಸ್ ಮೌಂಟ್‌ಗೆ, ಅಂದರೆ ಹೊರಗಿನಿಂದ ಜೋಡಿಸಿದ ಫೋಲ್ಡರ್‌ಗೆ. ಸಿಗ್ನಲ್ ಎಷ್ಟು ಕಳಿಸಿದರೂ ಅದಕ್ಕೆ ಕೇಳುವುದಿಲ್ಲ. ಡೆಸ್ಕ್‌ಟಾಪ್ ಸೆಷನ್‌ಗಳಲ್ಲಿ ಇದರ ಮೂಲ ಬಹಳ ಸಲ /ರನ್/ಯೂಸರ್/1000/ಜಿವಿಎಫ್‌ಎಸ್ ಆಗಿರುತ್ತದೆ, ಯಾರೋ ಫೈಲ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಫೋಲ್ಡರ್ ತೆರೆದಿಟ್ಟು ಹೋಗಿರುತ್ತಾರೆ. ಫ್ಯೂಸರ್‌ಮೌಂಟ್ -ಯುಝಡ್ ಜೊತೆ ಆ ಜಾಗದ ಹೆಸರು ಕೊಟ್ಟು ಮೌಂಟ್ ಬಿಡಿಸಿ, ಆಮೇಲೆ ಮತ್ತೆ ಪ್ರಯತ್ನಿಸಿ.

ಫೈರ್‌ಫಾಕ್ಸ್ ಗೋಳಿಗೆ ಪ್ರೊಫೈಲ್ ಫೋಲ್ಡರ್‌ನ ಲಾಕ್ ಫೈಲ್ ಅಳಿಸುವುದು ಎಲ್ಲರೂ ಹೇಳುವ ಮದ್ದು. ಹಳೇ ಪ್ರೊಸೆಸ್ ನಿಜವಾಗಿ ಸತ್ತಿದೆ ಅಂತ ಖಚಿತ ಆದ ಮೇಲೆ ಮಾತ್ರ ಅದನ್ನು ಮಾಡಿ. ಬದುಕಿರುವಾಗ ಲಾಕ್ ಅಳಿಸಿದರೆ ಎರಡು ಫೈರ್‌ಫಾಕ್ಸ್ ಒಂದೇ ಪ್ರೊಫೈಲ್‌ಗೆ ಬರೆಯತೊಡಗುತ್ತವೆ. ವಿಎನ್‌ಸಿಯ ಲಾಕ್‌ಗೂ ಇದೇ ಮಾತು. ಎಕ್ಸ್‌ವಿಎನ್‌ಸಿ ಸತ್ತು ಟಿಎಂಪಿ ಫೋಲ್ಡರ್‌ನಲ್ಲಿ ‘.ಎಕ್ಸ್1-ಲಾಕ್’ ಉಳಿದಿದ್ದರೆ ಡಿಸ್‌ಪ್ಲೇ 1 ಮತ್ತೆ ಸಿಗುವುದಿಲ್ಲ. ಆ ಫೈಲ್‌ನೊಳಗೆ ಒಂದು ಪಿಐಡಿ ಬರೆದಿರುತ್ತದೆ, ಆ ಪ್ರೊಸೆಸ್ ಇಲ್ಲ ಅಂತ ನೋಡಿಕೊಂಡು ಫೈಲನ್ನೂ, .ಎಕ್ಸ್11-ಯುನಿಕ್ಸ್ ಫೋಲ್ಡರ್‌ನ ಎಕ್ಸ್1 ಸಾಕೆಟ್ಟನ್ನೂ ತೆಗೆಯಿರಿ.

ತಾನಾಗಿಯೇ ಹೋಗುವಂತೆ ಮಾಡುವುದು

ದಿನಾ ಕೈಯಿಂದ ಮಾಡುವ ಕೆಲಸ ಅಲ್ಲ ಇದು. ಮುಖ್ಯ ಕೀಲಿ ಇರುವುದು ಸಿಸ್ಟಮ್‌ಡಿಯಲ್ಲಿ ಸೆಷನ್‌ಗಳ ಲೆಕ್ಕ ಇಡುವ ಲಾಗಿನ್‌ಡಿಯ ಸೆಟ್ಟಿಂಗ್‌ನಲ್ಲಿ. /ಇಟಿಸಿ/ಸಿಸ್ಟಮ್‌ಡಿ/ಲಾಗಿನ್‌ಡಿ.ಕಾನ್ಫ್.ಡಿ ಅನ್ನುವ ಫೋಲ್ಡರ್ ಮಾಡಿ, ಅದರಲ್ಲಿ ‘.ಕಾನ್ಫ್’ನಿಂದ ಮುಗಿಯುವ ಒಂದು ಫೈಲ್ ಇಟ್ಟು, ಲಾಗಿನ್ ಅನ್ನುವ ಸೆಕ್ಷನ್ ಕೆಳಗೆ ಬರೆಯಿರಿ:

ಕಿಲ್‌ಯೂಸರ್‌ಪ್ರೊಸೆಸಸ್=ಯೆಸ್

ಸೆಷನ್ ಮುಗಿದ ಕೂಡಲೇ ಆ ಸೆಷನ್‌ನ ಸ್ಕೋಪ್‌ನಲ್ಲಿ ಇರುವುದನ್ನೆಲ್ಲ ಲಾಗಿನ್‌ಡಿ ಗುಡಿಸಿಬಿಡುತ್ತದೆ. ಕ್ಲೋಸಿಂಗ್ ಸೆಷನ್‌ಗಳ ಕಾಟ ಇದರಿಂದಲೇ ಬಹುತೇಕ ಮುಗಿಯುತ್ತದೆ.

ಹಾಗಿದ್ದರೆ ಇದು ಮೊದಲೇ ಯಾಕೆ ಆನ್ ಆಗಿಲ್ಲ? 2016ರಲ್ಲಿ ಸಿಸ್ಟಮ್‌ಡಿ 230 ಬಂದಾಗ ಇದನ್ನೇ ಡಿಫಾಲ್ಟ್ ಮಾಡಿದ್ದರು, ದೊಡ್ಡ ಗಲಾಟೆಯೇ ಆಯಿತು. ಲಾಗೌಟ್ ಆದ ಮೇಲೂ ಟಿಮಕ್ಸ್, ಸ್ಕ್ರೀನ್ ಓಡುತ್ತಿರಬೇಕು ಅನ್ನುವುದು ಯುನಿಕ್ಸ್ ಜನಕ್ಕೆ ದಶಕಗಳ ಅಭ್ಯಾಸ. ಡೆಬಿಯನ್, ಫೆಡೋರಾ ಥರದ ಡಿಸ್ಟ್ರೋಗಳು ತಮ್ಮ ಪ್ಯಾಕೇಜ್‌ನಲ್ಲಿ ಅದನ್ನು ‘ನೋ’ ಮಾಡಿಕೊಂಡವು. ನನಗೆ ಕೇಳಿದರೆ ಇಬ್ಬರದೂ ಸರಿ. ಒಬ್ಬರೇ ಬಳಸುವ ಲ್ಯಾಪ್‌ಟಾಪ್‌ಗೆ ‘ನೋ’ ಇರಲಿ, ಹತ್ತಾರು ಜನ ಬಂದು ಹೋಗುವ ರಿಮೋಟ್ ಡೆಸ್ಕ್‌ಟಾಪ್ ಸರ್ವರ್‌ಗೆ ‘ಯೆಸ್’ ಇಲ್ಲದೆ ಆಗುವುದಿಲ್ಲ.

ಆದರೆ ‘ಯೆಸ್’ ಮಾಡುವ ಮುಂಚೆ ನಿಮ್ಮ ಯೂಸರ್‌ಗಳಿಗೆ ಹೇಳಿಬಿಡಿ. ನೋಹಪ್ ಇನ್ನು ಅವರನ್ನು ಕಾಪಾಡುವುದಿಲ್ಲ, ಯಾಕೆಂದರೆ ನೋಹಪ್ ತಡೆಯುವುದು ಹ್ಯಾಂಗಪ್ ಸಿಗ್ನಲ್ ಒಂದನ್ನು, ಇಲ್ಲಿ ನಡೆಯುವುದು ಇಡೀ ಸಿಗ್ರೂಪ್‌ನ ಗುಡಿಸಾಟ. ಲಾಗೌಟ್ ಆದರೂ ಓಡಬೇಕಾದ ಕೆಲಸ ಇದ್ದರೆ ಎರಡು ಹೆಜ್ಜೆ. ಒಂದು, ಆ ಯೂಸರ್‌ಗೆ ಲಿಂಗರ್ (ಲಾಗೌಟ್ ಆದರೂ ಯೂಸರ್ ಮ್ಯಾನೇಜರ್ ಉಳಿಯುವ ಅನುಮತಿ) ಕೊಡಿ:

ಲಾಗಿನ್‌ಸಿಟಿಎಲ್ ಎನೇಬಲ್-ಲಿಂಗರ್ ಯೂಸರ್‌ಹೆಸರು

ಎರಡು, ಅವರು ಟಿಮಕ್ಸ್ ಶುರು ಮಾಡುವಾಗ ಹೀಗೆ ಮಾಡಲಿ:

ಸಿಸ್ಟಮ್‌ಡಿ-ರನ್ --ಸ್ಕೋಪ್ --ಯೂಸರ್ ಟಿಮಕ್ಸ್

ಆಗ ಟಿಮಕ್ಸ್ ಸೆಷನ್‌ನಿಂದ ಹೊರಗೆ, ಯೂಸರ್ ಮ್ಯಾನೇಜರ್ ಕೆಳಗೆ ಹೋಗಿ ಕೂರುತ್ತದೆ. ಮೇಲೆ ಹೇಳಿದ ನನ್ನ ಅವಾಂತರದಲ್ಲಿ ಆ ಲೆಕ್ಕ ಹೀಗೆ ಓಡುತ್ತಿದ್ದು, ನಾನು ಟರ್ಮಿನೇಟ್-ಸೆಷನ್ ಮಾತ್ರ ಬಳಸಿದ್ದರೆ ಫೋನ್ ಬರುತ್ತಲೇ ಇರಲಿಲ್ಲ.

ಲಿಂಗರ್‌ನ ಇನ್ನೊಂದು ಮುಖವೂ ಇದೆ. ಲಿಂಗರ್ ಇರುವ ಯೂಸರ್‌ನ ಮ್ಯಾನೇಜರ್ ಎಂದಿಗೂ ನಿಲ್ಲುವುದಿಲ್ಲ, ಹಾಗಾಗಿ ಅದರ ಕೆಳಗಿನ ಡೆಸ್ಕ್‌ಟಾಪ್ ಸರ್ವಿಸ್‌ಗಳೂ ಉಳಿಯಬಹುದು. ‘ಎಲ್ಲಾ ಸೆಟ್ ಮಾಡಿದೆ, ಇವರೊಬ್ಬರದು ಮಾತ್ರ ಹೋಗುತ್ತಿಲ್ಲ’ ಅಂತಾದರೆ /ವಾರ್/ಲಿಬ್/ಸಿಸ್ಟಮ್‌ಡಿ/ಲಿಂಗರ್ ಫೋಲ್ಡರ್ ನೋಡಿ. ಅಲ್ಲಿ ಅವರ ಹೆಸರಿನ ಖಾಲಿ ಫೈಲ್ ಇರುತ್ತದೆ. ಯಾವತ್ತೋ ರೂಟ್‌ಲೆಸ್ ಪಾಡ್‌ಮ್ಯಾನ್ (ಕಂಟೈನರ್ ಓಡಿಸುವ ಪ್ರೋಗ್ರಾಮ್) ಹಾಕುವಾಗ ಲಿಂಗರ್ ಆನ್ ಮಾಡಿ ಮರೆತಿರುತ್ತಾರೆ.

ಸೆಟ್ಟಿಂಗ್ ಬದಲಾಯಿಸಿದ ಮೇಲೆ ಲಾಗಿನ್‌ಡಿಯನ್ನು ರೀಸ್ಟಾರ್ಟ್ ಮಾಡಲು ಹೋಗಬೇಡಿ, ಓಡುತ್ತಿರುವ ಡೆಸ್ಕ್‌ಟಾಪ್‌ಗಳಿಗೆ ಪೆಟ್ಟು ಬೀಳಬಹುದು. ಹ್ಯಾಂಗಪ್ ಸಿಗ್ನಲ್ ಕಳಿಸಿದರೆ ಸೆಟ್ಟಿಂಗ್ ಮತ್ತೆ ಓದಿಕೊಳ್ಳುತ್ತದೆ:

ಸಿಸ್ಟಮ್‌ಸಿಟಿಎಲ್ ಕಿಲ್ -ಎಸ್ ಹಪ್ ಸಿಸ್ಟಮ್‌ಡಿ-ಲಾಗಿನ್‌ಡಿ

ಎಕ್ಸ್‌ಆರ್‌ಡಿಪಿ ಇದ್ದರೆ

ಕಿಟಕಿ ಮುಚ್ಚಿ ಹೋಗುವವರಿಗೆ ಎಷ್ಟು ಹೊತ್ತು ಕಾಯಬೇಕು ಅನ್ನುವ ನಿಯಮ /ಇಟಿಸಿ/ಎಕ್ಸ್‌ಆರ್‌ಡಿಪಿ/ಸೆಸ್‌ಮ್ಯಾನ್.ಐಎನ್‌ಐ ಫೈಲ್‌ನ ಸೆಷನ್ಸ್ ಸೆಕ್ಷನ್‌ನಲ್ಲಿದೆ. ಕಿಲ್‌ಡಿಸ್ಕನೆಕ್ಟೆಡ್=ಟ್ರೂ ಮಾಡಿ, ಡಿಸ್ಕನೆಕ್ಟೆಡ್‌ಟೈಮ್‌ಲಿಮಿಟ್‌ಗೆ ಸೆಕೆಂಡ್‌ಗಳಲ್ಲಿ ಒಂದು ಸಂಖ್ಯೆ ಕೊಡಿ. ಮೊದಲನೆಯದು ಟ್ರೂ ಆಗದಿದ್ದರೆ ಎರಡನೆಯದಕ್ಕೆ ಅರ್ಥವೇ ಇಲ್ಲ, ಎಷ್ಟೋ ಜನ ಸಂಖ್ಯೆ ಮಾತ್ರ ಬದಲಾಯಿಸಿ ಏನೂ ಆಗಲಿಲ್ಲ ಅಂತ ಕೂರುತ್ತಾರೆ. ಇದು ಎಕ್ಸ್‌ಆರ್ಗ್ ಬ್ಯಾಕೆಂಡ್‌ನ ಸೆಷನ್‌ಗಳಿಗೆ. ಎಕ್ಸ್‌ಆರ್‌ಡಿಪಿ ಹಿಂದೆ ವಿಎನ್‌ಸಿ ಇಟ್ಟುಕೊಂಡವರು ಇದನ್ನು ನೆಚ್ಚಿಕೊಳ್ಳಬೇಡಿ.

ಸಂಖ್ಯೆ ಆರಿಸುವಾಗ ಜಿಪುಣತನ ಬೇಡ. ನೆಟ್ ಹೋದರೂ ಅದು ಡಿಸ್ಕನೆಕ್ಟೇ. 60 ಸೆಕೆಂಡ್ ಇಟ್ಟರೆ ವೈಫೈ ಒಮ್ಮೆ ಕಣ್ಣು ಮಿಟುಕಿಸಿದರೂ ಯಾರದ್ದೋ ಬೆಳಗಿನ ಕೆಲಸ ಹೋಯಿತು. ನಾನು 28800 ಇಡುತ್ತೇನೆ, ಅಂದರೆ 8 ಗಂಟೆ. ರಾತ್ರಿ ಕಳೆಯುವಷ್ಟರಲ್ಲಿ ಕ್ಲೀನ್, ಊಟಕ್ಕೆ ಎದ್ದು ಹೋದವರಿಗೆ ತೊಂದರೆ ಇಲ್ಲ. ಬದಲಾವಣೆಗೆ ಸೆಸ್‌ಮ್ಯಾನ್ ರೀಸ್ಟಾರ್ಟ್ ಬೇಕು, ಯಾರೂ ಇಲ್ಲದ ಹೊತ್ತು ನೋಡಿ ಮಾಡಿ.

ಇನ್ನು ಆಗ ಬಿಟ್ಟಿದ್ದ ಪ್ಯಾಮ್ ಕಥೆ. ಲಾಗಿನ್‌ಡಿಗೆ ಸೆಷನ್ ಬಗ್ಗೆ ಗೊತ್ತಾಗುವುದು ಪ್ಯಾಮ್_ಸಿಸ್ಟಮ್‌ಡಿ ಅನ್ನುವ ಮಾಡ್ಯೂಲ್ ಮೂಲಕ. /ಇಟಿಸಿ/ಪ್ಯಾಮ್.ಡಿ/ಎಕ್ಸ್‌ಆರ್‌ಡಿಪಿ-ಸೆಸ್‌ಮ್ಯಾನ್ ಫೈಲ್ ಅದನ್ನು ಎಲ್ಲಿಂದಲೂ ಎಳೆದುಕೊಳ್ಳದಿದ್ದರೆ, ಎಲ್ಲರ ಡೆಸ್ಕ್‌ಟಾಪ್‌ಗಳೂ ಸೆಸ್‌ಮ್ಯಾನ್ ಸರ್ವಿಸ್‌ನ ಸಿಗ್ರೂಪ್‌ನಲ್ಲೇ ಗುಂಪಾಗಿ ಬೀಳುತ್ತವೆ. ಲಿಸ್ಟ್-ಸೆಷನ್ಸ್‌ನಲ್ಲಿ ಏನೂ ಕಾಣುವುದಿಲ್ಲ, ಕಿಲ್‌ಯೂಸರ್‌ಪ್ರೊಸೆಸಸ್ ಕೂಡ ಏನೂ ಮಾಡುವುದಿಲ್ಲ. ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಿಕೊಂಡಿದ್ದರೆ ಇದನ್ನೇ ಮೊದಲು ನೋಡಿ.

ಕೆಲವರು ಪ್ಯಾಮ್_ಎಕ್ಸೆಕ್ ಬಳಸಿ, ಟೈಪ್=ಕ್ಲೋಸ್_ಸೆಷನ್ ಕೊಟ್ಟು, ಲಾಗೌಟ್ ಹೊತ್ತಿಗೆ ತಮ್ಮದೇ ಸ್ಕ್ರಿಪ್ಟ್ ಓಡಿಸುತ್ತಾರೆ. ಮಾಡಬಹುದು, ಆದರೆ ಅಲ್ಲೊಂದು ತಮಾಷೆ ಇದೆ. ಸ್ಕ್ರಿಪ್ಟ್ ಓಡುವುದೂ ಮುಗಿಯುತ್ತಿರುವ ಅದೇ ಸೆಷನ್‌ನೊಳಗೆ ಇರಬಹುದು, ಆಗ ಅದು ಬೇರೆಯವರ ಜೊತೆ ತನ್ನನ್ನೂ ಕೊಂದುಕೊಳ್ಳುತ್ತದೆ, ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಸ್ಕ್ರಿಪ್ಟ್‌ನಿಂದ ನೇರವಾಗಿ ಕೊಲ್ಲಿಸುವ ಬದಲು ಸಿಸ್ಟಮ್‌ಡಿ-ರನ್‌ಗೆ --ಆನ್-ಆಕ್ಟಿವ್=30 ಕೊಟ್ಟು 30 ಸೆಕೆಂಡ್ ಆದಮೇಲೆ ಹೊರಗಿನಿಂದ ಓಡುವಂತೆ ಮಾಡಿ. ಆ 30 ಸೆಕೆಂಡ್ ಆದ ಮೇಲೆ ಓಡುವ ಸ್ಕ್ರಿಪ್ಟ್ ಮೊದಲು ಮಾಡಬೇಕಾದ್ದು ಆ ಯೂಸರ್‌ಗೆ ಬೇರೆ ಬದುಕಿರುವ ಸೆಷನ್ ಇದೆಯಾ ಅಂತ ನೋಡುವುದು, ಇದ್ದರೆ ಸುಮ್ನೆ ಹೊರಗೆ ಬರುವುದು. ರೂಟ್‌ನನ್ನೂ, ಯುಐಡಿ 1000ಕ್ಕಿಂತ ಕಡಿಮೆ ಇರುವವರನ್ನೂ ಮೊದಲ ಸಾಲಿನಲ್ಲೇ ಬಿಟ್ಟುಬಿಡಿ.

ವಿಎನ್‌ಸಿ ಮತ್ತು ಎಕ್ಸ್‌ಟೂಗೋ

ಎಸ್‌ಎಸ್‌ಎಚ್‌ನಲ್ಲಿ ಬಂದು ಕೈಯಿಂದ ವಿಎನ್‌ಸಿಸರ್ವರ್ ಶುರು ಮಾಡಿದರೆ ಆ ಡೆಸ್ಕ್‌ಟಾಪ್ ಪೂರ್ತಿ ಎಸ್‌ಎಸ್‌ಎಚ್ ಸೆಷನ್‌ನ ಸ್ಕೋಪ್‌ನಲ್ಲಿ ಹುಟ್ಟುತ್ತದೆ. ಎಸ್‌ಎಸ್‌ಎಚ್ ಮುಚ್ಚಿದರೆ ಅದು ಕ್ಲೋಸಿಂಗ್ ಆಗಿ ಕಾಣುತ್ತದೆ, ಒಳಗೆ ಜನ ಕೆಲಸ ಮಾಡುತ್ತಿದ್ದರೂ! ಈಗ ಕಿಲ್‌ಯೂಸರ್‌ಪ್ರೊಸೆಸಸ್ ಆನ್ ಮಾಡಿದರೆ ಎಸ್‌ಎಸ್‌ಎಚ್ ಮುಚ್ಚಿದ ಕ್ಷಣವೇ ಡೆಸ್ಕ್‌ಟಾಪ್ ಮಾಯ. ಹಾಗಾಗಿ ಮೊದಲು ಟೈಗರ್‌ವಿಎನ್‌ಸಿ ಜೊತೆ ಬರುವ ‘ವಿಎನ್‌ಸಿಸರ್ವರ್@:1.ಸರ್ವಿಸ್’ ಥರದ ಯೂನಿಟ್‌ಗಳಿಗೆ ಬದಲಾಗಿ, ಆಮೇಲೆ ಆ ಸೆಟ್ಟಿಂಗ್ ಮುಟ್ಟಿ. ಯೂನಿಟ್ ನಿಲ್ಲಿಸಿದರೆ ಡೆಸ್ಕ್‌ಟಾಪ್ ನಿಲ್ಲುತ್ತದೆ, ಬೇರೆ ಏನೂ ಹುಡುಕಬೇಕಿಲ್ಲ. ಯಾರೂ ಕನೆಕ್ಟ್ ಆಗದೆ ಇಷ್ಟು ಹೊತ್ತಾದರೆ ತಾನೇ ಮುಚ್ಚಲಿ ಅಂತಿದ್ದರೆ ಎಕ್ಸ್‌ವಿಎನ್‌ಸಿಗೆ ಮ್ಯಾಕ್ಸ್‌ಡಿಸ್ಕನೆಕ್ಷನ್‌ಟೈಮ್ ಅನ್ನುವ ಆಪ್ಷನ್ ಇದೆ, ಅದೂ ಸೆಕೆಂಡ್‌ಗಳಲ್ಲೇ.

ಎಕ್ಸ್‌ಟೂಗೋ (ಇನ್ನೊಂದು ರಿಮೋಟ್ ಡೆಸ್ಕ್‌ಟಾಪ್ ವ್ಯವಸ್ಥೆ) ಇಟ್ಟುಕೊಂಡವರಿಗೆ ಕೆಲಸ ಕಡಿಮೆ. ಅದು ತನ್ನ ಸೆಷನ್‌ಗಳ ಲೆಕ್ಕ ತಾನೇ ಇಡುತ್ತದೆ. ಎಕ್ಸ್‌ಟೂಗೋಲಿಸ್ಟ್‌ಸೆಷನ್ಸ್_ರೂಟ್ ಕೊಟ್ಟರೆ ಎಲ್ಲರದೂ ಬರುತ್ತದೆ, ಸಸ್ಪೆಂಡ್ ಆಗಿರುವುದಕ್ಕೆ ಎಸ್, ಓಡುತ್ತಿರುವುದಕ್ಕೆ ಆರ್. ಬೇಡವಾದದ್ದರ ಐಡಿಯನ್ನು ಎಕ್ಸ್‌ಟೂಗೋಟರ್ಮಿನೇಟ್-ಸೆಷನ್‌ಗೆ ಕೊಡಿ, ಮುಗೀತು.

ಡಿಬಸ್‌ಗೆ ಒಂದು ಸಣ್ಣ ಉಪಾಯ

ಎಕ್ಸ್‌ಎಫ್‌ಸಿಇ ಥರದ ಹಗುರ ಡೆಸ್ಕ್‌ಟಾಪ್ ಬಳಸುವವರು ಸ್ಟಾರ್ಟ್‌ಡಬ್ಲ್ಯುಎಂ ಅಥವಾ ಎಕ್ಸ್‌ಸ್ಟಾರ್ಟಪ್ ಸ್ಕ್ರಿಪ್ಟ್‌ನ ಕೊನೆಯ ಸಾಲನ್ನು ಹೀಗೆ ಮಾಡಿ ನೋಡಿ:

ಎಕ್ಸೆಕ್ ಡಿಬಸ್-ರನ್-ಸೆಷನ್ -- ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4

ಡೆಸ್ಕ್‌ಟಾಪ್ ಮುಗಿದ ಕೂಡಲೇ ಅದರದೇ ಡಿಬಸ್ ಕೂಡ ಮುಗಿಯುತ್ತದೆ, ಆ ಬಸ್ಸನ್ನು ನೆಚ್ಚಿಕೊಂಡಿದ್ದ ಎಕ್ಸ್‌ಎಫ್‌ಕಾನ್ಫ್‌ಡಿ, ಜಿವಿಎಫ್‌ಎಸ್‌ಡಿಗಳು ಸಾಮಾನ್ಯವಾಗಿ ಹಿಂದೆಯೇ ಹೊರಡುತ್ತವೆ. ಇನ್ನೊಂದು ಲಾಭ ಏನೆಂದರೆ ಅದೇ ಯೂಸರ್ ಆ ಮಷಿನ್‌ನ ಎದುರು ಕೂತು ಲಾಗಿನ್ ಆಗಿದ್ದರೂ ಎರಡು ಡೆಸ್ಕ್‌ಟಾಪ್ ಒಂದೇ ಬಸ್ಸಿಗೆ ಕಿತ್ತಾಡುವುದಿಲ್ಲ. ಕಪ್ಪು ಪರದೆಗೆ ಎಷ್ಟೋ ಸಲ ಕಾರಣ ಆ ಕಿತ್ತಾಟವೇ.

ಪರೀಕ್ಷೆ

ಒಂದು ಟೆಸ್ಟ್ ಯೂಸರ್ ಮಾಡಿ. ಆ ಹೆಸರಿನಲ್ಲಿ ರಿಮೋಟ್ ಆಗಿ ಬನ್ನಿ, ಬ್ರೌಸರ್ ತೆರೆಯಿರಿ, ಟರ್ಮಿನಲ್‌ನಲ್ಲಿ ನೋಹಪ್ ಜೊತೆ ‘ಸ್ಲೀಪ್ 9999’ ಹಿನ್ನೆಲೆಗೆ ಹಾಕಿ, ಮೆನುವಿನಿಂದ ಸರಿಯಾಗಿ ಲಾಗೌಟ್ ಆಗಿ. ಎರಡು ನಿಮಿಷ ಬಿಡಿ. ಆಮೇಲೆ ರೂಟ್ ಆಗಿ ಪಿಗ್ರೆಪ್ -ಯು ಜೊತೆ ಆ ಯೂಸರ್ ಹೆಸರು, ಪಕ್ಕದಲ್ಲಿ -ಎ ಕೊಡಿ. ಒಂದು ಸಾಲೂ ಬರಬಾರದು. ಬಂದರೆ ಅದರ ಸಿಗ್ರೂಪ್ ಫೈಲ್ ಓದಿ, ಮೇಲಿನ ಮೂರರಲ್ಲಿ ಯಾವುದು ಅಂತ ನೋಡಿ. ಆಮೇಲೆ ಇದನ್ನೇ ಇನ್ನೊಮ್ಮೆ ಮಾಡಿ, ಈ ಸಲ ಲಾಗೌಟ್ ಆಗದೆ ನೆಟ್ ಕೇಬಲ್ ಕಿತ್ತುಬಿಡಿ. ಟೈಮ್‌ಲಿಮಿಟ್ ಅನ್ನು ಪರೀಕ್ಷೆಗೆ ಮಾತ್ರ 120ಕ್ಕೆ ಇಳಿಸಿಕೊಂಡು ಕಾದು ನೋಡಿ, ಮುಗಿದ ಮೇಲೆ ಮತ್ತೆ 28800 ಮಾಡಲು ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೆ, ಮಧ್ಯಾಹ್ನದ ಹೊತ್ತಿಗೆ ನನ್ನ ಮೇಜಿನ ಮುಂದೆ ಐದು ಜನ ನಿಂತಿದ್ದರು.